ಮೋಟಾರ್‌ಸೈಕಲ್ಲಿನ ಹೆಡ್‌ಲೈಟ್: ಬೆಳಕು ಹೆಚ್ಚಿಸುವ ಬಗೆ ಮತ್ತು ವಿದ್ಯುತ್ತಿನ ಲೆಕ್ಕ

ಕಾರ್ಖಾನೆಯಿಂದ ಬಂದ ದೀಪ ಸಾಲದೆ ಹೆಚ್ಚು ಬೆಳಕಿನ ಬಲ್ಬು ಹಾಕಿಸುವುದು, ಕನ್ನಡಿ, ಗಾಜು ಸೇರಿದ ಇಡೀ ಡೂಮನ್ನೇ ಬದಲಿಸುವುದು, ಇಲ್ಲವೇ ಹ್ಯಾಂಡಲ್ಲಿನ ಕೆಳಗೆ ಜೋಡಿ ಫಾಗ್ ಲ್ಯಾಂಪ್ ಕಟ್ಟಿಸುವುದು ಕರ್ನಾಟಕದ ತಾಲ್ಲೂಕು ಊರುಗಳ ಗ್ಯಾರೇಜುಗಳಲ್ಲಿ ದಿನವೂ ನಡೆಯುವ ಕೆಲಸ. ಬಲ್ಬಿನ ಬೆಲೆ, ವಾಟ್, ಬಣ್ಣ ಎಲ್ಲವೂ ಅಂಗಡಿಯ ಕಟ್ಟೆಯ ಮೇಲೇ ತೀರ್ಮಾನವಾಗಿಬಿಡುತ್ತವೆ. ಆ ವಾಟ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಮಾತ್ರ, ಬ್ಯಾಟರಿ ಕೂತು ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದಾಗಲೇ ಏಳುವುದು. ಹೆಡ್‌ಲೈಟಿನ ಲೆಕ್ಕ ಎಂಜಿನ್ನಿನ ಮಗ್ಗುಲಲ್ಲಿ ತಿರುಗುವ ಮ್ಯಾಗ್ನೆಟ್ಟಿನಿಂದ ಶುರುವಾಗಿ ಬಲ್ಬಿನಲ್ಲಿ ಮುಗಿಯುತ್ತದೆ. ಹೆಚ್ಚಿನವರು ಅದನ್ನು ತಿರುಗಾಮುರುಗಾ ಮಾಡುತ್ತಾರೆ.

ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾಂವಿ, ಹಾನಗಲ್, ಹಿರೇಕೆರೂರು ತಾಲ್ಲೂಕುಗಳ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಒಳ್ಳೆಯ ದೀಪ ಏಕೆ ಬೇಕು ಎಂದು ಹೇಳಬೇಕಾಗಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ, ಅಂದರೆ ಈಗಿನ ರಾಷ್ಟ್ರೀಯ ಹೆದ್ದಾರಿ 48, ಶಿಗ್ಗಾಂವಿ ಮತ್ತು ಬಂಕಾಪುರದ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲಿಂದ ಸವಣೂರಿನ ಕಡೆಗೆ ಹೊರಳಿದರೆ ಎರೆ ಹೊಲಗಳ ನಡುವಿನ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡು ಬಂದ ಕರಿಮಣ್ಣು ಡಾಂಬರಿನ ಮೇಲೆ ಹರಡಿ, ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಗೋವಿನಜೋಳದ ಸುಗ್ಗಿಯಲ್ಲಿ ಕಣವಿಲ್ಲದವರು ರಸ್ತೆಯ ಅರ್ಧಕ್ಕೇ ಕಾಳು ಹರವುತ್ತಾರೆ. ಹೊತ್ತು ಮುಳುಗಿದ ಮೇಲೆ ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಸುತ್ತ ಕಲ್ಲು ಇಟ್ಟು ಮನೆಗೆ ಹೋಗುತ್ತಾರೆ. ಸಂಗೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೊತ್ತು ಸಾಗುವ ಟ್ರೇಲರುಗಳ ಹಿಂದೆ ದೀಪವಿರಲಿ, ರಿಫ್ಲೆಕ್ಟರೂ ಎಷ್ಟೋ ಸಲ ಇರುವುದಿಲ್ಲ. ಹಾನಗಲ್ಲಿನ ಪಡುವಣ ಸೆರಗು ಮಲೆನಾಡಿಗೆ ತಾಗುತ್ತದೆ. ಅಲ್ಲಿ ಮಂಜಿನದೇ ಬೇರೆ ಕಾಟ.

2024ರ ಜೂನ್ 28ರಂದು ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿಯ ಕಡೆಗೆ ಮರಳುತ್ತಿದ್ದವರ ವಾಹನ ನಿಂತಿದ್ದ ಲಾರಿಗೆ ಹಿಂದಿನಿಂದ ಅಪ್ಪಳಿಸಿತು. 13 ಮಂದಿ ಸತ್ತರು. ಅದು ಮೋಟಾರ್‌ಸೈಕಲ್ಲಲ್ಲ, ದೀಪವೊಂದೇ ಅದಕ್ಕೆ ಕಾರಣವೆನ್ನುವುದೂ ಸಲ್ಲ. ಆದರೆ ಕತ್ತಲಲ್ಲಿ ನಿಂತ ಲಾರಿ ಎಂಬುದು ಈ ಜಿಲ್ಲೆಯ ಬೈಕ್ ಸವಾರರು ಪ್ರತಿ ರಾತ್ರಿ ಎದುರಿಸುವ ಸಂಗತಿ.

ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಸಾಧಾರಣ ಬ್ರೇಕಿನಲ್ಲಿ ಪೂರ್ತಿ ನಿಲ್ಲಲು ಇನ್ನೂ 28 ಮೀಟರ್ ಬೇಕು. ಒಟ್ಟು 53. ವೇಗ 80ಕ್ಕೆ ಏರಿದರೆ ಅದೇ ಲೆಕ್ಕ 82 ಮೀಟರ್ ದಾಟುತ್ತದೆ. ಡಿಪ್ಪಿನಲ್ಲಿರುವ ಸಣ್ಣ ಬೈಕಿನ ದೀಪಕ್ಕೆ ಅಷ್ಟು ದೂರದಲ್ಲಿ ಕರಿ ತಾಡಪತ್ರಿಯನ್ನು ತೋರಿಸುವ ಶಕ್ತಿ ಇರುವುದಿಲ್ಲ. ದೀಪ ಬದಲಿಸುವ ಆಸೆ ಹುಟ್ಟುವುದು ಇಲ್ಲಿಯೇ, ಆ ಆಸೆ ತಪ್ಪೂ ಅಲ್ಲ.

ಅಂಗಡಿಯವರು ಹೇಳದ ಒಂದು ಭೌತಶಾಸ್ತ್ರದ ನಿಯಮ ಮಾತ್ರ ನೆನಪಿನಲ್ಲಿರಬೇಕು. ಬೆಳಕಿನ ತೀಕ್ಷ್ಣತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎರಡರಷ್ಟು ದೂರದಲ್ಲಿ ಅಷ್ಟೇ ಬೆಳಕು ಬೀಳಬೇಕಾದರೆ ದೀಪ ನಾಲ್ಕರಷ್ಟು ತೀಕ್ಷ್ಣವಾಗಿರಬೇಕು. ವಾಟನ್ನು ಎರಡು ಪಟ್ಟು ಮಾಡಿದರೆ ಕಾಣುವ ದೂರ ಹೆಚ್ಚುವುದು ಸುಮಾರು ಒಂದೂಕಾಲು ಪಟ್ಟಿನಿಂದ ಒಂದೂವರೆ ಪಟ್ಟಿನ ನಡುವೆ ಮಾತ್ರ. ಬ್ಯಾಟರಿಗೆ ಬೀಳುವ ಹೊರೆ ಮಾತ್ರ ಪೂರ್ತಿ ಎರಡು ಪಟ್ಟು.

ವಿದ್ಯುತ್ ಹುಟ್ಟುವ ಜಾಗ ಎಂಜಿನ್ನಿನ ಎಡ ಅಥವಾ ಬಲ ಕವರಿನ ಒಳಗೆ. ಕ್ರ್ಯಾಂಕಿನ ತುದಿಗೆ ಕೂಡಿಸಿದ ಅಯಸ್ಕಾಂತದ ಬಟ್ಟಲು ತಾಮ್ರದ ಕಾಯಿಲುಗಳ ಸುತ್ತ ತಿರುಗಿ ಏಸಿ ಕರೆಂಟ್ ಹುಟ್ಟಿಸುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಮ್ಯಾಗ್ನೆಟ್, ಕಾಯಿಲ್ ಪ್ಲೇಟ್ ಎನ್ನುತ್ತಾರೆ. ಅಲ್ಲಿಂದ ಬಂದ ಕರೆಂಟನ್ನು ಆರ್‌ಆರ್ ಯೂನಿಟ್, ಅಂದರೆ ರೆಗ್ಯುಲೇಟರ್–ರೆಕ್ಟಿಫೈಯರ್, ಡಿಸಿ ಮಾಡಿ ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿ ತೊಟ್ಟಿ, ಮ್ಯಾಗ್ನೆಟ್ ಬೋರ್‌ವೆಲ್ ಪಂಪು: ತೊಟ್ಟಿ ಎಷ್ಟು ದೊಡ್ಡದಾದರೂ ಪಂಪು ಎತ್ತುವುದಕ್ಕಿಂತ ಹೆಚ್ಚು ನೀರು ಬಿಟ್ಟರೆ ಅದು ಒಂದು ಹೊತ್ತಿಗೆ ಬರಿದಾಗಲೇಬೇಕು. ದೊಡ್ಡ ಬ್ಯಾಟರಿ ಹಾಕಿಸಿದರೆ ದೀಪದ ಸಮಸ್ಯೆ ತೀರುತ್ತದೆಂಬ ನಂಬಿಕೆ ಹುಸಿಯಾಗುವುದು ಈ ಕಾರಣಕ್ಕೆ.

ಮ್ಯಾಗ್ನೆಟ್ಟಿನ ಮೇಲೆ ಬರೆದ ವಾಟ್ ಎಂಜಿನ್ ಜೋರಾಗಿ ತಿರುಗುವಾಗಿನದು. ಐಡಲಿಂಗಿನಲ್ಲಿ ಅದರ ಒಂದು ಪಾಲು ಮಾತ್ರ ಸಿಗುತ್ತದೆ. ಊರೊಳಗೆ ಎರಡನೆಯ ಗೇರಿನಲ್ಲಿ, ಸಂತೆಯ ಜನರ ನಡುವೆ, ಬ್ರೇಕ್ ಲೈಟ್ ಉರಿಸುತ್ತ ಹೋಗುವಾಗ ಆದಾಯ ಅತಿ ಕಡಿಮೆ, ಖರ್ಚು ಅತಿ ಹೆಚ್ಚು. ಹೆದ್ದಾರಿಯಲ್ಲಿ ತಾಸುಗಟ್ಟಲೆ ಚೆನ್ನಾಗಿದ್ದ ಗಾಡಿ ಊರಿನೊಳಗೆ ಬ್ಯಾಟರಿ ಬಿಟ್ಟುಕೊಡುವ ಗುಟ್ಟು ಇದು.

ಈ ಕಷ್ಟದ ಹಳೆಯ ರೂಪವನ್ನು ನೋಡಬೇಕಾದರೆ ಮೈಸೂರಿಗೆ ಹೋಗಬೇಕು. ರುಸ್ತುಂ ಮತ್ತು ಫಾರೂಖ್ ಇರಾನಿ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು; ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಚೆಕ್ ದೇಶದ ಜಾವಾ 250ರ ಮಾದರಿಯಲ್ಲಿ ಇಲ್ಲಿ ತಯಾರಾದ ಗಾಡಿಗಳು ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಕರ್ನಾಟಕದ ಮೂಲೆಮೂಲೆಗೂ ಹರಡಿದವು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಮಾತ್ರ ಓಡುತ್ತಲೇ ಇದ್ದವು. ಎಂಜಿನ್ ಗಟ್ಟಿ, ಚಾಸಿ ಗಟ್ಟಿ, ದೀಪ ಬಡಕಲು. ಮೂಲ ಜಾವಾ 250ರಲ್ಲಿದ್ದದ್ದು 6 ವೋಲ್ಟಿನ, 45 ವಾಟಿನ ಡೈನಮೋ. ಹೆಡ್‌ಲೈಟಿನ ಬಲ್ಬೊಂದೇ 35 ವಾಟ್. ಉಳಿದ 10 ವಾಟಿನಲ್ಲಿ ಹಿಂದಿನ ದೀಪ, ಮೀಟರಿನ ದೀಪ, ಇಗ್ನಿಷನ್ ಕಾಯಿಲ್ ಎಲ್ಲ ಬಾಳಬೇಕು. ಬ್ರೇಕ್ ಒತ್ತಿದರೂ ಹಾರ್ನ್ ಬಾರಿಸಿದರೂ ಬ್ಯಾಟರಿಯಿಂದ ಸಾಲ ತರಬೇಕು. ಅದರ ಮೇಲೆ ಕಾರ್ಬನ್ ಬ್ರಶ್ ಸವೆಯುವುದು, ಡೈನಮೋವನ್ನು ಬ್ಯಾಟರಿಗೆ ಕೂಡಿಸುವ ಕಟ್‌ಔಟಿನ ಪಾಯಿಂಟ್ ಕರಿಹಿಡಿಯುವುದು. ಪಾಯಿಂಟಿಗೆ ಎಮರಿ ಪೇಪರ್ ತಿಕ್ಕಿ, ಬೆಳಕು ಏರಿತೇ ಎಂದು ಗೋಡೆಯ ಮೇಲೆ ನೋಡುವುದು ಆ ತಲೆಮಾರಿನ ಮೆಕ್ಯಾನಿಕರ ಸಂಜೆಯ ಕೆಲಸ.

6 ವೋಲ್ಟಿನ ಇನ್ನೊಂದು ಶಾಪ ವೈರಿನಲ್ಲಿತ್ತು. 35 ವಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 2.9 ಆಂಪಿಯರ್, 6 ವೋಲ್ಟಿನಲ್ಲಿ 5.8. ಅದೇ ವೈರು, ಅದೇ ಸ್ವಿಚ್ಚು ಎರಡು ಪಟ್ಟು ಕರೆಂಟ್ ಹೊರಬೇಕು. ದಾರಿಯಲ್ಲಿ ಒಂದು ವೋಲ್ಟ್ ಸೋರಿದರೆ 12ರಲ್ಲಿ ಅದು ಹನ್ನೆರಡರಲ್ಲೊಂದು ಪಾಲು, 6ರಲ್ಲಿ ಆರರಲ್ಲೊಂದು. ಹಳೆಯ ಜಾವಾಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರಲ್ಲಿ ಹಲವರು ಡೈನಮೋ ಕಿತ್ತು 12 ವೋಲ್ಟಿನ ಆಲ್ಟರ್ನೇಟರ್ ಕೂಡಿಸುತ್ತಾರೆ. ಚೆಕ್ ದೇಶದ ವೇಪ್ ಕಂಪನಿಯ ಕಿಟ್‌ಗಳು ಇದಕ್ಕೆಂದೇ ಬರುತ್ತವೆ. ಪ್ರತಿ ಜುಲೈನ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಸೇರುವ ಗಾಡಿಗಳಲ್ಲಿ ಹೊರಗೆ ಹಳೆಯ ಕ್ರೋಮ್, ಒಳಗೆ ಹೊಸ ಕಾಯಿಲ್ ಇರುವಂಥವು ಸಿಕ್ಕೇ ಸಿಗುತ್ತವೆ. ಅಪ್ಪಟ ಹಳಮೆಯೇ ಬೇಕೆನ್ನುವವರು ಇದನ್ನು ಒಪ್ಪುವುದಿಲ್ಲ. ಅವರು ರಾತ್ರಿ ಗಾಡಿ ತೆಗೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಬುಲೆಟ್ಟಿನವರಿಗೆ ಒಂದು ಅನುಕೂಲವಿತ್ತು. ಹೆಡ್‌ಲೈಟಿನ ಮೇಲಿನ ಆಮ್‌ಮೀಟರ್. ದೀಪ ಹಾಕಿ ಐಡಲಿಂಗಿನಲ್ಲಿ ನಿಂತರೆ ಮುಳ್ಳು ಎಡಕ್ಕೆ, ಮೈನಸ್ಸಿನ ಕಡೆಗೆ ವಾಲುತ್ತಿತ್ತು. ಎಕ್ಸಿಲರೇಟರ್ ತಿರುವಿದರೆ ಬಲಕ್ಕೆ. ವಿದ್ಯುತ್ತಿನ ಜಮಾ–ಖರ್ಚು ಸವಾರನ ಕಣ್ಣೆದುರೇ ಇತ್ತು. ಇಂದಿನ ಡಿಜಿಟಲ್ ಮೀಟರುಗಳು ಬಂದ ಫೋನ್ ಕರೆಯನ್ನೂ ತೋರಿಸುತ್ತವೆ, ಈ ಒಂದು ಲೆಕ್ಕವನ್ನು ಬಿಟ್ಟು.

12 ವೋಲ್ಟ್ ಮತ್ತು ಹ್ಯಾಲೋಜನ್ ಸೇರಿದ ಮೇಲೆ ಪರಿಸ್ಥಿತಿ ಬದಲಾಯಿತು. ಎರಡು ಫಿಲಮೆಂಟಿನ ಎಚ್4 ಬಲ್ಬು ಯುರೋಪಿನಲ್ಲಿ ಬಂದದ್ದು 1971ರಲ್ಲಿ. ಭಾರತದ 100–125 ಸಿಸಿ ಗಾಡಿಗಳಲ್ಲಿ, ಸ್ಪ್ಲೆಂಡರ್ ಸೇರಿದಂತೆ, ಮನೆಮಾಡಿಕೊಂಡದ್ದು ಅದರ ತಮ್ಮ ಎಚ್ಎಸ್1: ಹೈ ಬೀಮಿಗೂ ಲೋ ಬೀಮಿಗೂ 35 ವಾಟ್. ಬುಲೆಟ್, ಕ್ಲಾಸಿಕ್‌ಗಳಂಥ ದೊಡ್ಡ ಗಾಡಿಗಳಿಗೆ 60/55 ವಾಟಿನ ಎಚ್4. ಪರೀಕ್ಷೆಯ 13.2 ವೋಲ್ಟಿನಲ್ಲಿ ಎಚ್ಎಸ್1 ಕೊಡಬೇಕಾದದ್ದು ಹೈ ಬೀಮಿನಲ್ಲಿ 825 ಲ್ಯೂಮೆನ್, ಲೋ ಬೀಮಿನಲ್ಲಿ 525. ಎಚ್4 ಕೊಡಬೇಕಾದದ್ದು 1650 ಮತ್ತು 1000. ಕಾಗದದ ಮೇಲೆ ಎಚ್4 ಎರಡು ಪಟ್ಟು. ಗಾಡಿಯ ಮೇಲೆ ಹಾಗಾಗುವುದು ಅಪರೂಪ, ಏಕೆಂದರೆ ಗಾಡಿಯ ಬಲ್ಬಿಗೆ 13.2 ವೋಲ್ಟ್ ತಲಪುವುದು ಅಪರೂಪ.

ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮವಾಗಿ ಇಳಿಯುವುದಿಲ್ಲ. ಸರಿಸುಮಾರು ವೋಲ್ಟೇಜಿನ ಮೂರೂವರೆ ಘಾತದಂತೆ ಕುಸಿಯುತ್ತದೆ. ನೂರಕ್ಕೆ ಹತ್ತರಷ್ಟು ವೋಲ್ಟ್ ಕಡಿಮೆಯಾದರೆ ಮೂವತ್ತರಷ್ಟು ಬೆಳಕು ಹೋಯಿತು. ದಾರಿಯಲ್ಲಿ ಎರಡು ವೋಲ್ಟ್ ಸೋರಿ ಬಲ್ಬಿಗೆ 11.2 ಮಾತ್ರ ಸಿಕ್ಕಿದರೆ, ಎಚ್4ರ 1650 ಲ್ಯೂಮೆನ್ ಸುಮಾರು 930ಕ್ಕೆ ಇಳಿಯುತ್ತದೆ. ಸರಿಯಾದ ವೋಲ್ಟೇಜ್ ಸಿಕ್ಕಿದ 35 ವಾಟಿನ ಬಲ್ಬು ಕೊಡುವುದು 825. ಬಲ್ಬು ಬದಲಿಸಿ ಗಳಿಸಿದ್ದನ್ನೆಲ್ಲ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟೊಂದು ತಿಂದುಹಾಕಬಲ್ಲದು.

ಎರಡು ವೋಲ್ಟ್ ಸೋರುವುದು ಉತ್ಪ್ರೇಕ್ಷೆಯಲ್ಲ. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು, ಹೋಗಿ ಬರುವ ದಾರಿ ಒಟ್ಟು ಮೂರು ಮೀಟರ್, ಐದು ಆಂಪಿಯರ್ ಕರೆಂಟ್ ಎಂದುಕೊಂಡರೆ ವೈರೊಂದರಲ್ಲೇ ಅರ್ಧ ವೋಲ್ಟ್ ಹೋಗುತ್ತದೆ. ಅದರ ಮೇಲೆ ಇಗ್ನಿಷನ್ ಲಾಕಿನ ಪಾಯಿಂಟು, ಹ್ಯಾಂಡಲ್ಲಿನ ಡಿಮ್–ಡಿಪ್ ಸ್ವಿಚ್ಚು, ಕಪ್ಲರು, ಬಲ್ಬಿನ ಹೋಲ್ಡರು, ಕೊನೆಗೆ ಚಾಸಿಗೆ ಅರ್ಥ್. ಮಳೆಯಲ್ಲಿ ನೆನೆದು, ಎರೆಮಣ್ಣಿನ ದೂಳು ಹೊಕ್ಕು, ನಾಲ್ಕೈದು ವರ್ಷ ಕಳೆದ ಪ್ರತಿ ಕೂಡಿಕೆಯೂ ತನ್ನ ಪಾಲು ಕೇಳುತ್ತದೆ. ಪತ್ತೆ ಹಚ್ಚಲು ದೊಡ್ಡ ಉಪಕರಣ ಬೇಡ, ಮಲ್ಟಿಮೀಟರ್ ಸಾಕು: ಎಂಜಿನ್ ಚಾಲೂ ಮಾಡಿ, ದೀಪ ಹಾಕಿ, ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆಯುವುದು, ಆಮೇಲೆ ಉರಿಯುತ್ತಿರುವ ಬಲ್ಬಿನ ಹಿಂದೆ ಅಳೆಯುವುದು. ನಡುವಿನ ಅಂತರ ಅರ್ಧ ವೋಲ್ಟ್ ಮೀರಿದ್ದರೆ ಹೊಸ ಬಲ್ಬಿಗೆ ಕೊಡುವ ದುಡ್ಡನ್ನು ವೈರಿಗೆ ಕೊಡುವುದು ಲಾಭ. ಡೂಮಿನೊಳಗಿನ ಕನ್ನಡಿ ಮಂಕಾಗಿದ್ದರಂತೂ ಬಲ್ಬು ಯಾವುದಾದರೂ ಅಷ್ಟೆ.

ವೈರಿಂಗಿಗೆ ಗ್ಯಾರೇಜಿನವರು ಹೇಳುವ ಮದ್ದು ರಿಲೇ. ಬ್ಯಾಟರಿಯಿಂದ ನೇರವಾಗಿ ಒಂದೂವರೆ ಅಥವಾ ಎರಡೂವರೆ ಚದರ ಮಿಲಿಮೀಟರಿನ ವೈರು ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ರಿಲೇಯ 30ನೆಯ ಕಾಲಿಗೆ ಕೊಡುವುದು, 87ರಿಂದ ಬಲ್ಬಿಗೆ, ಗಾಡಿಯ ಹಳೆಯ ಹೆಡ್‌ಲೈಟ್ ವೈರು 85–86ರ ನಡುವಿನ ಸಣ್ಣ ಕಾಯಿಲನ್ನು ಎಳೆಯಲಷ್ಟೇ. ಹ್ಯಾಂಡಲ್ಲಿನ ಸ್ವಿಚ್ಚು ಆಗ ಹೊರುವುದು ಸುಮಾರು 0.15 ಆಂಪಿಯರ್, ಐದಲ್ಲ. ಹೈಗೊಂದು, ಲೋಗೊಂದು, ಹೀಗೆ ಎರಡು ರಿಲೇ. ಮೂಲ ಬಲ್ಬನ್ನೇ ಉಳಿಸಿಕೊಂಡು ಬರೀ ಈ ಕೆಲಸ ಮಾಡಿಸಿದರೂ ಹಳೆಯ ಬುಲೆಟ್ಟಿನಲ್ಲಿ ಬೆಳಕು ಕಣ್ಣಿಗೆ ಕಾಣುವಷ್ಟು ಏರುತ್ತದೆ. ಫ್ಯೂಸನ್ನು ಬ್ಯಾಟರಿಯಿಂದ ದೂರ, ದೀಪದ ಹತ್ತಿರ ಇಡುವವರಿದ್ದಾರೆ. ನಡುವಿನ ವೈರು ಚಾಸಿಗೆ ಉಜ್ಜಿ ಶಾರ್ಟ್ ಆದರೆ ಆ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬೆಂಕಿ ಟ್ಯಾಂಕಿನ ಕೆಳಗೆ ಹತ್ತುತ್ತದೆ.

ಈ ಮದ್ದು ಎಲ್ಲ ಗಾಡಿಗೂ ಹೊಂದುವುದಿಲ್ಲ. ಸಣ್ಣ ಗಾಡಿಗಳಲ್ಲಿ ಬಹುಕಾಲ ಹೆಡ್‌ಲೈಟ್ ಬ್ಯಾಟರಿಯ ಮೇಲೆ ಉರಿಯುತ್ತಲೇ ಇರಲಿಲ್ಲ. ಕಾಯಿಲ್ ಪ್ಲೇಟಿನಿಂದ ಏಸಿ ಕರೆಂಟ್ ನೇರವಾಗಿ ಬಲ್ಬಿಗೆ ಹೋಗುತ್ತಿತ್ತು. ಎಕ್ಸಿಲರೇಟರ್ ಬಿಟ್ಟರೆ ದೀಪ ಕೆಂಪಗಾಗುವುದು, ತಿರುವಿದರೆ ಬೆಳ್ಳಗಾಗುವುದು, ಎಂಜಿನ್ ಆರಿದರೆ ದೀಪವೂ ಆರುವುದು ಇದರ ಗುರುತು. ಕಂಪನಿಗಳು ಹೀಗೆ ಮಾಡಿದ್ದು ಸಣ್ಣ ಬ್ಯಾಟರಿಯನ್ನು ಕಾಪಾಡಲು. ಇಂಥ ಗಾಡಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಅದು ಮಿಣುಕುತ್ತದೆ, ಕೆಲವು ದಿನಕ್ಕೇ ಸಾಯುತ್ತದೆ. ರಿಲೇ ಹಾಕಿ ಬ್ಯಾಟರಿಗೆ ತಿರುಗಿಸಿದರೆ, ಬ್ಯಾಟರಿ ತುಂಬುವ ಕಾಯಿಲಿನ ಭಾಗ ಚಿಕ್ಕದಾದ್ದರಿಂದ, ಬ್ಯಾಟರಿ ದಿನದಿನಕ್ಕೆ ಸೊರಗುತ್ತದೆ.

ಹಾಗಾಗಿಯೇ “ಡಿಸಿ ಮಾಡಿಸುವುದು” ಗ್ಯಾರೇಜಿನ ಬೇರೆಯದೇ ಕಸುಬಾಯಿತು. ಕಾಯಿಲ್ ಪ್ಲೇಟ್ ಬಿಚ್ಚಿ, ಚಾಸಿಗೆ ಬೆಸೆದ ತುದಿಯನ್ನು ಬಿಡಿಸಿ ಹೊರತಂದು, ಇಡೀ ಕಾಯಿಲಿನ ಕರೆಂಟನ್ನು ಫುಲ್ ವೇವ್ ಆರ್‌ಆರ್ ಯೂನಿಟ್ಟಿನ ಮೂಲಕ ಬ್ಯಾಟರಿಗೆ ಕೊಡುತ್ತಾರೆ. ಅಚ್ಚುಕಟ್ಟಾಗಿ ಮಾಡಿದರೆ ಅದೇ ಮ್ಯಾಗ್ನೆಟ್ಟಿನಿಂದ ಉಪಯೋಗಕ್ಕೆ ಬರುವ ವಿದ್ಯುತ್ ಹೆಚ್ಚುತ್ತದೆ, ದೀಪ ಐಡಲಿಂಗಿನಲ್ಲೂ ಸ್ಥಿರ. ಬೆಸುಗೆ ಸಡಿಲವಾದರೆ ಎಂಜಿನ್ ಎಣ್ಣೆಯ ಬಿಸಿಯಲ್ಲಿ ತುದಿ ಕಳಚಿ ಗಾಡಿ ರಸ್ತೆಯ ನಡುವೆ ಮೂಕಾಗುತ್ತದೆ. ಇದು ಬಲ್ಬು ಬದಲಿಸಿದಷ್ಟು ಸಲೀಸಲ್ಲ, ಎಲ್ಲ ಕೈಗಳೂ ಇದಕ್ಕೆ ಪಳಗಿರುವುದಿಲ್ಲ.

2017ರ ಏಪ್ರಿಲ್ 1ರಿಂದ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳಿಗೆ ಎಎಚ್‌ಒ ಕಡ್ಡಾಯವಾಯಿತು: ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಹೊತ್ತಬೇಕು, ಆರಿಸುವ ಸ್ವಿಚ್ಚೇ ಇಲ್ಲ. ಹಗಲಿಡೀ ದೀಪ ಉರಿಸಿಕೊಂಡು ಹೋಗುವವರಿಗೆ ಎದುರಿನವರು ಕೈಯಾಡಿಸಿ “ಲೈಟ್ ಆನ್ ಐತಿ” ಎಂದು ನೆನಪಿಸುವುದು ಕೆಲವು ತಿಂಗಳು ಎಲ್ಲೆಡೆ ನಡೆಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಸಣ್ಣ ಗಾಡಿಗಳಿಗೂ ಇಂಧನ ಇಂಜೆಕ್ಷನ್ ಬಂತು. ಪೆಟ್ರೋಲ್ ಪಂಪು, ಇಸಿಯು, ಸೆನ್ಸರುಗಳು ಎಲ್ಲವೂ ವಿದ್ಯುತ್ತನ್ನೇ ಉಣ್ಣುವಂಥವು. ಕಾರ್ಬೊರೇಟರ್ ಕಾಲದಲ್ಲಿ ಬ್ಯಾಟರಿ ಸತ್ತರೂ ಕಿಕ್ ಹೊಡೆದು ಮನೆ ಸೇರಬಹುದಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ತೀರಾ ಬರಿದಾದರೆ ಎಂಜಿನ್ ಮಿಸುಕದಿರಬಹುದು. ದೀಪದ ಲೆಕ್ಕ ತಪ್ಪುವುದಕ್ಕೆ ತೆರುವ ಬೆಲೆ ಈಗ ಹೆಚ್ಚು.

ಲೆಕ್ಕವನ್ನು ಒಂದು ಕಲ್ಪಿತ ಗಾಡಿಯ ಮೇಲೆ ಮಾಡಿ ನೋಡಬಹುದು. ಚೆನ್ನಾಗಿ ಓಡುವಾಗ ಮ್ಯಾಗ್ನೆಟ್ ಕೊಡುವುದು 100 ವಾಟ್ ಎಂದಿಟ್ಟುಕೊಳ್ಳೋಣ. ಹೆಡ್‌ಲೈಟ್ 35, ಹಿಂದಿನ ದೀಪ ಮತ್ತು ಮೀಟರ್ ಸೇರಿ 10, ಇಗ್ನಿಷನ್ 15: ಒಟ್ಟು 60. ಉಳಿದ 40 ವಾಟಿನಲ್ಲಿ ಬ್ಯಾಟರಿ ತುಂಬಬೇಕು, ಬ್ರೇಕಿನ 21 ವಾಟಿನ ಬಲ್ಬು, ಇಂಡಿಕೇಟರು, ಹಾರ್ನು ನಡುನಡುವೆ ಕೈಚಾಚುತ್ತವೆ. ಇಲ್ಲಿ ಎಚ್4 ಹಾಕಿದರೆ ನಿತ್ಯದ ಹೊರೆ 85. ಅದರ ಮೇಲೆ ತಲಾ 20 ವಾಟಿನ ಜೋಡಿ ಫಾಗ್ ಲ್ಯಾಂಪ್ ಕಟ್ಟಿದರೆ 125. ಪ್ರತಿ ಗಳಿಗೆಯೂ 25 ವಾಟ್, ಅಂದರೆ ಎರಡು ಆಂಪಿಯರ್ ಕೊರತೆ. ಸಣ್ಣ ಗಾಡಿಯ 3 ಆಂಪಿಯರ್-ಅವರ್ ಬ್ಯಾಟರಿ ಅದನ್ನು ಹೆಚ್ಚೆಂದರೆ ಒಂದೂವರೆ ತಾಸು ತಡೆದೀತು. ಎಚ್4ರ ಬದಲು 20 ವಾಟಿನ ಒಳ್ಳೆಯ ಎಲ್‌ಇಡಿ ಇದ್ದರೆ ಫಾಗ್ ಲ್ಯಾಂಪುಗಳೂ ಸೇರಿ 85ರಲ್ಲಿ ಮುಗಿಯುತ್ತದೆ. ಎಲ್‌ಇಡಿಯ ನಿಜವಾದ ಗುಣ ಇಷ್ಟೇ: ಹ್ಯಾಲೋಜನ್ ಒಂದು ವಾಟಿಗೆ 25 ಲ್ಯೂಮೆನ್ನಿನ ಆಜುಬಾಜಿನಲ್ಲಿ ಕೊಡುವಲ್ಲಿ ಎಲ್‌ಇಡಿ ಅದರ ಮೂರು–ನಾಲ್ಕು ಪಟ್ಟು ಕೊಡಬಲ್ಲದು.

ಡಬ್ಬಿಯ ಮೇಲೆ ಬರೆದ ವಾಟನ್ನು ನಂಬಿ ಈ ಕೂಡುವ–ಕಳೆಯುವ ಕೆಲಸ ಮಾಡುವಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಾಗಲಿ, ಹೆಸರಿಲ್ಲದ ಕಂಪನಿಯ ದೀಪಗಳ ಮೇಲೆ ನೂರಾರು ವಾಟ್ ಅಚ್ಚಾಗಿರುತ್ತದೆ. ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ ಅಷ್ಟು ವಾಟಿನ ಶಾಖವನ್ನು ಹೊರಹಾಕಲಾರದು. ಮೀಟರಿನಲ್ಲಿ ಆಂಪಿಯರ್ ಅಳೆದು 12ರಿಂದ ಗುಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಮತ್ತೊಂದು ಸೂಕ್ಷ್ಮವಿದೆ. ಬಹುಪಾಲು ಸಣ್ಣ ಗಾಡಿಗಳ ಆರ್‌ಆರ್ ಯೂನಿಟ್ ಶಂಟ್ ಬಗೆಯದು. ಬೇಡದ ವಿದ್ಯುತ್ತನ್ನು ಅರ್ಥಿಗೆ ಹಾಯಿಸಿ ಶಾಖವಾಗಿ ಸುಡುತ್ತದೆ. ಎಲ್‌ಇಡಿ ಹಾಕಿದರೆ ಮೈಲೇಜ್ ಹೆಚ್ಚುತ್ತದೆಂಬ ಮಾತು ಇಂಥ ಗಾಡಿಗಳಿಗೆ ಅನ್ವಯಿಸದು. ಉಳಿಸಿದ ವಾಟನ್ನು ಇನ್ನೊಂದು ದೀಪಕ್ಕೆ ಬಳಸದಿದ್ದರೆ ಅದು ಆರ್‌ಆರ್ ಯೂನಿಟ್ಟಿನ ಮೈಬಿಸಿಯಾಗುತ್ತದೆ, ಅಷ್ಟೇ.

ವಾಟ್ ಏರಿಸುವ ಹಳೆಯ ದಾರಿಯಲ್ಲಿ ಶಾಖವೇ ಶತ್ರು. ಎಚ್ಎಸ್1ರ ತಳ ಮತ್ತು ಎಚ್4ರ ತಳ ಎರಡೂ 43 ಮಿಲಿಮೀಟರಿನವು, ಕಿವಿಗಳ ಆಕಾರ ಮಾತ್ರ ಬೇರೆ. ತಪ್ಪಿ ಸಿಕ್ಕಿಸಬಾರದೆಂದೇ ಹಾಗೆ ಮಾಡಿದ್ದು. ಗ್ಯಾರೇಜಿನಲ್ಲಿ ಆ ಕಿವಿಯನ್ನು ಅರದಿಂದ ಉಜ್ಜಿ ಕೂರಿಸುತ್ತಾರೆ. 100/90 ವಾಟಿನ ಬಲ್ಬಾದರೆ ಕರೆಂಟ್ ಎಂಟು ಆಂಪಿಯರ್ ದಾಟುತ್ತದೆ. ಪ್ಲಾಸ್ಟಿಕ್ ಕನ್ನಡಿಯ ಲೇಪ ಕಂದುತ್ತದೆ, ಹೋಲ್ಡರ್ ಕರಗಿ ಬಲ್ಬು ಓರೆಯಾಗುತ್ತದೆ. ಫಿಲಮೆಂಟ್ ತನ್ನ ಜಾಗದಿಂದ ಒಂದೆರಡು ಮಿಲಿಮೀಟರ್ ಸರಿದರೂ ಬೀಮಿನ ಆಕಾರ ಕೆಡುತ್ತದೆ. ಹ್ಯಾಲೋಜನ್ ಡೂಮಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದಾಗಲೂ ಇದೇ ತೊಂದರೆ. ಕನ್ನಡಿಯನ್ನು ಕೂದಲೆಳೆಯ ಫಿಲಮೆಂಟಿಗೆಂದು ಲೆಕ್ಕಹಾಕಿ ಮಾಡಿರುತ್ತಾರೆ. ಅಗಲವಾದ ಚಿಪ್ಪಿನಿಂದ ಬಂದ ಬೆಳಕು ರಸ್ತೆಗೆ ಬೀಳುವ ಬದಲು ಮರದ ಕೊಂಬೆಗೂ ಎದುರಿನವರ ಕಣ್ಣಿಗೂ ಹರಡುತ್ತದೆ. ಜರ್ಮನಿಯಲ್ಲಿ 2020ರಲ್ಲಿ ಆಸ್ರಾಮ್ ಕಂಪನಿಯ ಎಲ್‌ಇಡಿ ಬದಲಿ ಬಲ್ಬಿಗೆ ಅನುಮತಿ ಸಿಕ್ಕಿದ್ದು ಪರೀಕ್ಷಿಸಿ ನೋಡಿದ ನಿರ್ದಿಷ್ಟ ವಾಹನಗಳಿಗೆ ಮಾತ್ರ. ಇದಕ್ಕಿಂತ ಎಲ್‌ಇಡಿಗೆಂದೇ ಮಾಡಿದ ಪೂರ್ತಿ ಡೂಮ್ ಹಾಕುವುದು ಮೇಲು. ಅದನ್ನು ಕೊಳ್ಳುವಾಗ ಎಡಬದಿಯ ಸಂಚಾರಕ್ಕೆ ಮಾಡಿದ್ದೇ ಎಂದು ನೋಡಬೇಕು. ಬಲಬದಿಯಲ್ಲಿ ಓಡಿಸುವ ದೇಶಗಳ ಡೂಮಿನಲ್ಲಿ ಡಿಪ್ ಬೀಮಿನ ಎತ್ತರದ ತುದಿ ಬಲಕ್ಕಿರುತ್ತದೆ, ನಮ್ಮಲ್ಲಿ ಅದು ನೇರ ಎದುರಿನ ಗಾಡಿಯ ಮುಖಕ್ಕೆ.

ಬೀಮಿನ ಕೋನವನ್ನು ಸರಿಪಡಿಸಲು ವಿದ್ಯುತ್ ಬೇಡ, ಸ್ಕ್ರೂಡ್ರೈವರ್ ಸಾಕು. ಆದರೂ ಇಷ್ಟು ಕಡೆಗಣಿತವಾದ ಕೆಲಸ ಇನ್ನೊಂದಿಲ್ಲ. ನೆಲದಿಂದ 90 ಸೆಂ.ಮೀ. ಎತ್ತರದ ದೀಪ ನೂರಕ್ಕೆ ಒಂದರಷ್ಟು ಕೆಳಗೆ ಬಾಗಿದ್ದರೆ ಬೀಮಿನ ಮೇಲಂಚು 90 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಸ್ಪ್ಲೆಂಡರಿನ ಎರಡು ಗಾಲಿಗಳ ನಡುವಿನ ಅಂತರ 1236 ಮಿ.ಮೀ. ಹಿಂದೆ ಹೆಂಡತಿ–ಮಗು, ಇಲ್ಲವೇ ಗೊಬ್ಬರದ ಚೀಲ ಕೂತು ಹಿಂಬದಿ ಬರೀ ಮೂರು ಸೆಂ.ಮೀ. ಕುಸಿದರೂ ಬೀಮು ನೂರಕ್ಕೆ 2.4ರಷ್ಟು ಮೇಲೇಳುತ್ತದೆ. ಆಗ ಐವತ್ತು ಮೀಟರ್ ದೂರದಲ್ಲಿ ಡಿಪ್ ಬೀಮಿನ ಅಂಚು ನೆಲದಿಂದ 1.6 ಮೀಟರ್ ಮೇಲೆ ಇರುತ್ತದೆ. ಅದು ಎದುರಿನ ಸವಾರನ ಕಣ್ಣಿನ ಎತ್ತರ. ಸಾಮಾನ್ಯವಾಗಿ ಎಷ್ಟು ಹೊರೆ ಹೊರುತ್ತದೋ ಅಷ್ಟು ಹೊರೆಯೊಂದಿಗೇ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ ಸ್ಕ್ರೂ ತಿರುವಬೇಕು.

ಕಾನೂನು ಈ ಎದುರಿನ ಕಣ್ಣನ್ನೇ ಅಳತೆಗೋಲಾಗಿ ಹಿಡಿದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದಂತೆ, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. 1988ರ ಕಾಯ್ದೆಯ 52ನೆಯ ಕಲಂ ತಯಾರಕರು ನಮೂದಿಸಿದ್ದಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಕರ್ನಾಟಕದ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿದರು. ಎದುರಿನ ಗಾಡಿಯ ಬಿಳಿ ಬೆಳಕಿಗೆ ಕಣ್ಣು ಕತ್ತಲುಗಟ್ಟಿ ರಸ್ತೆಯಂಚಿನ ರಾಶಿಯನ್ನು ಕಾಣದವನಿಗೆ ತನ್ನ ದೀಪ ಎಷ್ಟು ವಾಟಿನದಾದರೂ ಉಪಯೋಗವಿಲ್ಲ.

ಹಳದಿ ಬೆಳಕು ಮಂಜಿನಲ್ಲಿ ಒಳ್ಳೆಯದೆಂಬ ಮಾತು ಹಾನಗಲ್ಲಿನಿಂದ ಶಿರಸಿಯ ಕಡೆಗೆ ಹೋಗುವವರೆಲ್ಲ ಹೇಳುತ್ತಾರೆ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಮಂಜಿನಲ್ಲಿ ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುವುದು ದೀಪದ ಜಾಗ: ತಗ್ಗಿನಲ್ಲಿ ಕಟ್ಟಿದ, ಅಗಲವಾಗಿ ಹರಡುವ, ಮೇಲಂಚು ಕತ್ತರಿಸಿದಂತಿರುವ ಬೀಮು ಮಂಜಿನ ಕೆಳಗೆ ನುಸುಳುತ್ತದೆ. ಹ್ಯಾಂಡಲ್ಲಿನ ಎತ್ತರಕ್ಕೆ ಕಟ್ಟಿದ ಫಾಗ್ ಲ್ಯಾಂಪ್, ಹಳದಿಯಾಗಿದ್ದರೂ, ಮಂಜಿನ ಗೋಡೆಗೆ ಬಡಿದು ಸವಾರನ ಕಣ್ಣಿಗೇ ಮರಳುತ್ತದೆ.

ಈಚಿನ ಗಾಡಿಗಳಲ್ಲಿ ದೀಪ ಕಾರ್ಖಾನೆಯಿಂದಲೇ ಎಲ್‌ಇಡಿಯಾಗಿ ಬರುತ್ತಿದೆ. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮರಳಿದಾಗ ಮೈಸೂರಿನ 6 ವೋಲ್ಟಿನ ಬಲ್ಬಿನ ಜಾಗದಲ್ಲಿ ಎಲ್‌ಇಡಿ ಇತ್ತು. 2024ರಲ್ಲಿ ಕ್ಲಾಸಿಕ್ 350 ಕೂಡ ಅದೇ ದಾರಿ ಹಿಡಿಯಿತು. ಇವುಗಳಲ್ಲಿ ಬಲ್ಬು ಬದಲಿಸುವ ಮಾತಿಲ್ಲ, ಕೆಟ್ಟರೆ ಇಡೀ ಯೂನಿಟ್ಟೇ ಹೊಸದು. ಗ್ಯಾರೇಜಿಗೆ ಉಳಿದ ಕೆಲಸ ಫಾಗ್ ಲ್ಯಾಂಪ್ ಜೋಡಿಸುವುದು. ಅದರ ರಿಲೇಗೆ ಇಷಾರೆ ಕೊಡುವ ವೈರನ್ನು ಇಗ್ನಿಷನ್ ಆರಿದೊಡನೆ ಸಾಯುವ ಪಾರ್ಕಿಂಗ್ ದೀಪದಿಂದಲೋ ಹಿಂದಿನ ದೀಪದಿಂದಲೋ ತೆಗೆದುಕೊಳ್ಳುತ್ತಾರೆ. ಬ್ಯಾಟರಿಗೆ ನೇರ ಕಟ್ಟಿ ಬರೀ ಸ್ವಿಚ್ಚಿನ ಮೇಲೆ ಬಿಟ್ಟರೆ, ಸಂತೆಯಲ್ಲಿ ಗಾಡಿ ನಿಲ್ಲಿಸಿ ಸ್ವಿಚ್ ಮರೆತು ಹೋದವನ ಜೋಡಿ 20 ವಾಟಿನ ದೀಪಗಳು 8 ಆಂಪಿಯರ್-ಅವರ್ ಬ್ಯಾಟರಿಯನ್ನು ಎರಡೂವರೆ ತಾಸಿನೊಳಗೆ ಬರಿದುಮಾಡುತ್ತವೆ.